ಹಿಂಭಾರ, ಮುಂಭಾರ: ಪುಟ್ಟ ಟ್ರೇಲರ್ ಜೊತೆ ಸೈಕಲ್, ಸ್ಕೂಟರ್ ಸಾಗಿಸಿದ ನನ್ನ ಅನುಭವ

ವ್ಯಾನಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ನಮ್ಮ ಮನೆಯಂಥ ಟ್ರೇಲರಿನ ಉದ್ದ ಹದಿಮೂರು ಅಡಿ. ಅದರಲ್ಲಿ ಮೂರು ಅಡಿ ಮುಂದಿನ ಕಬ್ಬಿಣದ ಮೂತಿಗೇ ಹೋಗುತ್ತದೆ. ಉಳಿದ ಹತ್ತು ಅಡಿಯಲ್ಲಿ ಹಾಸಿಗೆ, ಒಲೆ, ಸಿಂಕು, ಚಿಕ್ಕ ಫ್ರಿಜ್ಜು. ಮಿನೆಸೋಟಾದ ಬ್ಯಾಕಸ್ ಅನ್ನುವ ಊರಲ್ಲಿ ತಯಾರಾಗುವ ಸ್ಕ್ಯಾಂಪ್ ಇದು, ಫೈಬರ್ ಗ್ಲಾಸಿನದು. ಮಗಳು ನೋಡಿದ ದಿನವೇ 'ಇಡ್ಲಿ ಡಬ್ಬಿ' ಅಂತ ಹೆಸರಿಟ್ಟಳು. ಅದೇ ಉಳಿಯಿತು.

ನಾವಿರುವುದು ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ. ಬೇಸಿಗೆ ಬಂದರೆ ಇಲ್ಲಿನ ಜನ ಉತ್ತರಕ್ಕೆ ಹೊರಡುತ್ತಾರೆ. ನಾವೂ ಹೊರಡುತ್ತೇವೆ. ಇಡ್ಲಿ ಡಬ್ಬಿಯಲ್ಲಿ ಮೂರು ಜನ ಮಲಗಬಹುದು, ಅಡುಗೆ ಮಾಡಿಕೊಳ್ಳಬಹುದು, ಎಲ್ಲ ಸರಿ. ಸೈಕಲ್ ಎಲ್ಲಿ ಇಡೋದು?

ಸೈಕಲ್ ಬೇಡ ಅಂದರೆ ಆಗದು. ನಾವು ಹೋಗಬೇಕು ಅಂದುಕೊಂಡದ್ದು ಮ್ಯಾಕಿನಾ ದ್ವೀಪಕ್ಕೆ. ಅಲ್ಲಿ 1898ರಿಂದ ಕಾರಿಗೆ ನಿಷೇಧ. ಕುದುರೆ ಗಾಡಿ, ಸೈಕಲ್, ಇಲ್ಲವೇ ನಡಿಗೆ. ದ್ವೀಪದ ಸುತ್ತ ನೀರಿನ ಅಂಚಿನಲ್ಲೇ 8.2 ಮೈಲಿ ರಸ್ತೆ ಇದೆ, ಅಂದರೆ 13 ಕಿಲೋಮೀಟರ್. ಅದನ್ನು ಸೈಕಲ್ಲಿನಲ್ಲಿ ಸುತ್ತಬೇಕು ಅಂತ ಮಗಳ ಹಟ.

ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಟ್ರೇಲರಿನ ಹಿಂದಿನ ಬಂಪರಿಗೆ ಒಂದು ರ್‍ಯಾಕ್ ಬಿಗಿದೆ. ಮೂರು ಸೈಕಲ್ ನಿಲ್ಲಿಸಿದೆ. ದೂರ ನಿಂತು ನೋಡಿದೆ. ಚೆನ್ನಾಗೇ ಕಾಣುತ್ತಿತ್ತು.

ಆ ಬೇಸಿಗೆ ಅಪ್ಪ ಮಂಡ್ಯದಿಂದ ಬಂದಿದ್ದರು. ಕಾಫಿ ಲೋಟ ಹಿಡಿದುಕೊಂಡು ಟ್ರೇಲರನ್ನು ಒಂದು ಸುತ್ತು ಹಾಕಿದರು. ಹಿಂದೆ ಹೋಗಿ ರ್‍ಯಾಕಿನ ಮೇಲೆ ಕೈಯಿಟ್ಟು ಸುಮ್ನೆ ಒಂದು ಸಲ ಒತ್ತಿದರು. ಮುಂದಿನ ಮೂತಿ ಸ್ವಲ್ಪ ಎದ್ದಿತು.

"ಹಿಂಭಾರ ಜಾಸ್ತಿ ಆಯ್ತು ಕಣೋ. ನೊಗ ಎದ್ದುಬಿಡ್ತದೆ."

"ಅಪ್ಪಾ, ಇದಕ್ಕೆ ನೊಗ ಎಲ್ಲಿದೆ? ಬೋಲ್ಟ್ ಹಾಕಿದೀನಿ" ಅಂದೆ. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಹದಿನಾಲ್ಕು ವರ್ಷ ದುಡಿದವನು ನಾನು. ಅಪ್ಪ ಮಾತು ಮುಂದುವರಿಸಲಿಲ್ಲ.

ಐ-75 ಹೆದ್ದಾರಿಯಲ್ಲಿ ಗ್ರೇಲಿಂಗ್ ದಾಟಿದ್ದೆವು. ವ್ಯಾನು ಗಂಟೆಗೆ 65 ಮೈಲಿಯಲ್ಲಿತ್ತು. ಸಣ್ಣ ಇಳಿಜಾರು. ಎಡಗಡೆಯಿಂದ ಒಂದು ದೊಡ್ಡ ಲಾರಿ ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ಮೊದಲು ಟ್ರೇಲರನ್ನು ಆಚೆ ತಳ್ಳಿತು, ಆಮೇಲೆ ಒಳಕ್ಕೆ ಎಳೆಯಿತು. ಮಾಮೂಲಿಯಾಗಿ ಒಂದು ಸಲ ಅಲ್ಲಾಡಿ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಇಡ್ಲಿ ಡಬ್ಬಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಪ್ರತಿ ಸಲ ಇನ್ನೊಂಚೂರು ಜಾಸ್ತಿ ತೂಗುತ್ತಿದೆ. ವ್ಯಾನಿನ ಬೆನ್ನನ್ನೇ ಹಿಡಿದು ಯಾರೋ ಅಲ್ಲಾಡಿಸಿದ ಹಾಗೆ. ಕಾಲು ತಾನಾಗೇ ಬ್ರೇಕ್ ಕಡೆ ಹೋಯಿತು. ಹಾಗೆ ತುಳಿದರೆ ಹಿಂದಿನದು ಮುಂದಿನದನ್ನು ತಳ್ಳಿ, ಎರಡೂ ಮಡಚಿಕೊಳ್ಳುತ್ತವೆ. ಪುಣ್ಯಕ್ಕೆ ಎಲ್ಲೋ ಓದಿದ್ದು ನೆನಪಿತ್ತು. ಆಕ್ಸಿಲರೇಟರ್ ಬಿಟ್ಟೆ, ಸ್ಟೇರಿಂಗ್ ನೇರ ಹಿಡಿದೆ, ಡ್ಯಾಶ್‌ಬೋರ್ಡಿನಲ್ಲಿರುವ ಕಂಟ್ರೋಲರನ್ನು ಬೆರಳಿಂದ ಒತ್ತಿ ಟ್ರೇಲರಿನ ಬ್ರೇಕ್ ಮಾತ್ರ ಹಿಡಿಸಿದೆ. 50ಕ್ಕೆ ಇಳಿದ ಮೇಲೆ ತೂಗಾಟ ನಿಂತಿತು. ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಹಿಂದಿನ ಸೀಟಿನಿಂದ ಅಪ್ಪ "ನಿಲ್ಸಪ್ಪ ಎಲ್ಲಾದ್ರೂ" ಅಂದರು, ಅಷ್ಟೇ.

ರಸ್ತೆ ಪಕ್ಕದ ತಂಗುದಾಣದಲ್ಲಿ ನಿಲ್ಲಿಸಿ ಮೂರೂ ಸೈಕಲ್ ಬಿಚ್ಚಿದೆವು. ಟ್ರೇಲರಿನ ಒಳಗೆ, ಚಕ್ರಗಳ ನೇರಕ್ಕೆ, ನೆಲದ ಮೇಲೆ ಕಂಬಳಿ ಹಾಸಿ ಒಂದರ ಮೇಲೊಂದು ಮಲಗಿಸಿದೆವು. ಪೆಡಲ್ ಕಳಚಿದೆವು. ಮುಂದಿನ ದಾರಿಯಲ್ಲಿ ಗಾಡಿ ಸಾಧು ಹಸುವಿನಂತೆ ಬಂತು. ದ್ವೀಪಕ್ಕಲ್ಲ, ಜಲಸಂಧಿಯ ಆಚೆ ದಡಕ್ಕೆ ಹೋಗುವ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆಯ ಒಳಗಿನ ಲೇನು ಬರೀ ಕಬ್ಬಿಣದ ಜಾಲರಿ, ಕೆಳಗೆ ನೀರು ಕಾಣುತ್ತದೆ. ಗಾಳಿ ಜೋರಿದ್ದರೆ ಅಲ್ಲಿ ಟ್ರೇಲರ್ ಗಾಡಿಗಳನ್ನು ತಡೆದು, ಮುಂದೊಂದು ಬೆಂಗಾವಲು ಗಾಡಿ ಕೊಟ್ಟು ಗಂಟೆಗೆ 20 ಮೈಲಿಯಲ್ಲಿ ದಾಟಿಸುತ್ತಾರೆ. ನಮಗೆ ಅವತ್ತು ಗಾಳಿ ಇರಲಿಲ್ಲ. ಸೈಕಲ್ ಹಿಂದೆಯೇ ಇದ್ದು, ಗಾಳಿಯೂ ಇದ್ದಿದ್ದರೆ? ಅದನ್ನು ಯೋಚಿಸೋದು ಬೇಡ.

ಮನೆಗೆ ಬಂದ ಮೇಲೆ ಲೆಕ್ಕಕ್ಕೆ ಕೂತೆ. ತೂಕ ನೋಡಿಕೊಳ್ಳುವ ಬಚ್ಚಲ ಮಾಪಕವನ್ನು ಟ್ರೇಲರಿನ ಮೂತಿಯ ಕೆಳಗಿಟ್ಟು, ಮೇಲೊಂದು ಮರದ ತುಂಡು ನಿಲ್ಲಿಸಿ ಮೂತಿಯನ್ನು ಅದರ ಮೇಲೆ ಇಳಿಸಿದೆ. ಸೈಕಲ್ ಇಲ್ಲದೆ 86 ಕೆಜಿ ತೋರಿಸಿತು. ಸಾಮಾನು ತುಂಬಿದ ಟ್ರೇಲರಿನ ಒಟ್ಟು ತೂಕ 816 ಕೆಜಿ. ಮೂತಿ ಹೀಗೆ ಕೆಳಕ್ಕೆ ಒತ್ತುವ ಭಾರವನ್ನು ಇಲ್ಲಿನವರು ಟಂಗ್ ವೆಯ್ಟ್ ಅನ್ನುತ್ತಾರೆ. ಒಟ್ಟು ತೂಕದ ಶೇಕಡ 10ರಿಂದ 15 ಇರಬೇಕು ಅಂತ ನಿಯಮ. ನಮ್ಮದು ಹತ್ತಕ್ಕಿಂತ ಸ್ವಲ್ಪ ಮೇಲಿತ್ತು.

ಹಿಂದೆ ಹಾಕಿದ್ದು ಮೂರು ಸೈಕಲ್ 48 ಕೆಜಿ, ರ್‍ಯಾಕ್ 20 ಕೆಜಿ. ಬರೀ 68 ಕೆಜಿ, ಒಬ್ಬ ಮನುಷ್ಯನ ತೂಕ. ಆದರೆ ಅದು ನೇತಾಡುತ್ತಿದ್ದದ್ದು ಚಕ್ರದಿಂದ 1.9 ಮೀಟರ್ ಹಿಂದೆ. ಮೂತಿ ವ್ಯಾನಿಗೆ ಕೂಡುವ ಕೊಂಡಿ, ಅಂದರೆ ಹಿಚ್, ಇರುವುದು ಚಕ್ರದಿಂದ 2.5 ಮೀಟರ್ ಮುಂದೆ. ಏತದ ಲೆಕ್ಕ. 68ನ್ನು 1.9ರಿಂದ ಗುಣಿಸಿ 2.5ರಿಂದ ಭಾಗಿಸಿದರೆ 52 ಕೆಜಿ. ಅಷ್ಟು ಭಾರ ಮೂತಿಯಿಂದ ಎದ್ದುಹೋಗಿತ್ತು. ಉಳಿದದ್ದು 34. ಒಟ್ಟು ತೂಕದ ಶೇಕಡ 4 ಕೂಡ ಇಲ್ಲ.

ಕಾಗದವನ್ನು ಅಪ್ಪನಿಗೆ ತೋರಿಸಿದೆ. ಅವರಿಗೆ ಅಂಕಿ ಬೇಕಿರಲಿಲ್ಲ. ಎರಡು ಚಕ್ರದ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಹಿಂಭಾರ ಆದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಉದ್ದ ಮರ, ಮೇಲೆದ್ದು ಕೊರಳ ಹಗ್ಗ ಎತ್ತಿನ ಉಸಿರು ಹಿಡಿಯುತ್ತದೆ. ಮುಂಭಾರ ಆದರೆ ನೊಗ ಹೆಗಲು ಕೊರೆಯುತ್ತದೆ. ಅದಕ್ಕೇ ತಾತ ದಿಣ್ಣೆ ಹತ್ತುವಾಗ ಮೂಕಿಯ ಮೇಲೆ ಬಂದು ಕೂರುತ್ತಿದ್ದರಂತೆ, ಇಳಿಯುವಾಗ ಹಿಂದಕ್ಕೆ ಸರಿಯುತ್ತಿದ್ದರಂತೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಟಂಗ್ ವೆಯ್ಟ್ ಅನ್ನುವ ಮಾತಿಲ್ಲ. ಮೂಕಿ ಭಾರ.

ಎರಡನೇ ಬೇಸಿಗೆಗೆ ರ್‍ಯಾಕನ್ನು ಮುಂದಕ್ಕೆ ತಂದೆ. ಟ್ರೇಲರಿನ ಮುಂದಿನ ಮೂತಿ ತ್ರಿಕೋನಾಕಾರದ್ದು, ಅದರ ಮೇಲೆ ಗ್ಯಾಸ್ ಸಿಲಿಂಡರ್ ಕೂತಿರುತ್ತದೆ. ಆ ತ್ರಿಕೋನಕ್ಕೇ ಬಿಗಿಯುವ, ಸಿಲಿಂಡರಿನ ಮೇಲೆ ಎರಡು ಸೈಕಲ್ ಹಿಡಿಯುವ ರ್‍ಯಾಕ್ ಸಿಗುತ್ತದೆ. ಇದರಿಂದ ಮೂಕಿ ಭಾರ 124 ಕೆಜಿಗೆ ಏರಿತು. ವ್ಯಾನಿನ ಹಿಚ್ 159 ಕೆಜಿ ತಡೆಯುತ್ತದೆ, ಹಾಗಾಗಿ ತೊಂದರೆ ಇಲ್ಲ. ರಸ್ತೆಯಲ್ಲಿ ಇದಕ್ಕಿಂತ ಚೆನ್ನಾಗಿ ಇಡ್ಲಿ ಡಬ್ಬಿ ಯಾವತ್ತೂ ಓಡಿರಲಿಲ್ಲ.

ರಿವರ್ಸಿನಲ್ಲಿ ಮಾತ್ರ ಕೆಟ್ಟೆ. ಕ್ಯಾಂಪಿನಲ್ಲಿ ಮರಗಳ ನಡುವೆ ಟ್ರೇಲರ್ ನುಗ್ಗಿಸುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದೆ. ಸೈಕಲ್ಲಿನ ಹ್ಯಾಂಡಲ್ ತುದಿ ವ್ಯಾನಿನ ಹಿಂದಿನ ಗಾಜಿಗೆ ಮೆತ್ತಗೆ ತಾಗಿತು. ನಿಜವಾಗಲೂ ಮೆತ್ತಗೆ. ಒಂದು ಕ್ಷಣ ಏನೂ ಆಗಲಿಲ್ಲ, ಆಮೇಲೆ ಇಡೀ ಗಾಜು ಕಲ್ಲುಸಕ್ಕರೆ ಚೆಲ್ಲಿದ ಹಾಗೆ ಉದುರಿತು. ಮೂರು ದಿನ ಹಿಂದಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ. ಹೀಗೆ ಕಟ್ಟುವವರು ಹ್ಯಾಂಡಲ್ ಸಡಿಲಿಸಿ ಸೈಕಲ್ಲಿನ ಉದ್ದಕ್ಕೆ ತಿರುಗಿಸಿ, ಸೀಟು ಕಳಚಿ. ಮನೆ ಮುಂದೆಯೇ ಒಬ್ಬರನ್ನು ನೋಡಲು ನಿಲ್ಲಿಸಿ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಡಿಕ್ಕಿ ಬಾಗಿಲು ತೆಗೆಯಲು ಬರುತ್ತದಾ ಅನ್ನೋದನ್ನೂ ಆಗಲೇ ನೋಡಿಕೊಳ್ಳಿ. ನಮಗೆ ಬರುತ್ತಿರಲಿಲ್ಲ. ಊಟದ ಬುಟ್ಟಿ ಒಳಗೇ ಇತ್ತು.

ಆಮೇಲೆ ಬಂತು ಸ್ಕೂಟರ್. ಇದು ನನ್ನ ಹೆಂಡತಿಯ ಆಸೆ. ಮೈಸೂರಿನಲ್ಲಿ ಕಾಲೇಜಿಗೆ ಸ್ಕೂಟಿಯಲ್ಲಿ ಓಡಾಡಿದವಳು. ಮಂಡಿ ನೋವು ಶುರುವಾದ ಮೇಲೆ ಸೈಕಲ್ ಆಗುತ್ತಿರಲಿಲ್ಲ. ಹಳೇ ಹೋಂಡಾ ಮೆಟ್ರೊಪಾಲಿಟನ್ ಒಂದು ಸಿಕ್ಕಿತು. 49 ಸಿಸಿ, 81 ಕೆಜಿ, ನಮ್ಮ ಟಿವಿಎಸ್ ಎಕ್ಸೆಲ್ಲಿನ ತೂಕಕ್ಕೆ ಹತ್ತಿರ ಹತ್ತಿರ. ಇಂಥ ಸಣ್ಣ ಗಾಡಿಗೆ ಮಿಶಿಗನ್ನಿನಲ್ಲಿ ಕಾರಿನ ಲೈಸೆನ್ಸೇ ಸಾಕು. ಫ್ರೀವೇ ಹತ್ತಿಸುವ ಹಾಗಿಲ್ಲ, ಅಷ್ಟೇ. "ರೀ, ಇದನ್ನೂ ಕ್ಯಾಂಪಿಗೆ ತಗೊಂಡು ಹೋಗೋಣ" ಅಂದಳು. "ಹೂಂ" ಅಂದುಬಿಟ್ಟೆ.

ಮತ್ತೆ ಕಾಗದ, ಪೆನ್ಸಿಲ್. ಟ್ರೇಲರಿನ ಹಿಂದೆ ಸ್ಕೂಟರ್ ಕ್ಯಾರಿಯರ್ ಹಾಕಿದರೆ? ಕ್ಯಾರಿಯರ್ 30, ಸ್ಕೂಟರ್ 81, ಒಟ್ಟು 111 ಕೆಜಿ. ಅದೇ ಏತದ ಲೆಕ್ಕದಲ್ಲಿ ಮೂಕಿ ಭಾರ ಎರಡೇ ಕೆಜಿಗೆ ಇಳಿಯುತ್ತದೆ. ನೊಗ ಗಾಳಿಯಲ್ಲಿ! ವ್ಯಾನಿಗೂ ಟ್ರೇಲರಿಗೂ ನಡುವೆ, ಎರಡು ಹಿಚ್ ಇರುವ ಕ್ಯಾರಿಯರಿನಲ್ಲಿ ಇಟ್ಟರೆ? ಮೂಕಿ ಭಾರ 86, ಸ್ಕೂಟರ್ 81, ಕ್ಯಾರಿಯರ್ 25. ಒಟ್ಟು 192, ತಡೆಯುವುದು 159. ಮೇಲಾಗಿ ಟ್ರೇಲರಿನ ಮೂತಿ ಕೂರುವ ಗುಂಡು ಅಷ್ಟು ಹಿಂದಕ್ಕೆ ಸರಿದರೆ ಹಿಚ್ಚಿನ ಮೇಲೆ ಒತ್ತಡ ಇನ್ನೂ ಜಾಸ್ತಿ. ಸೀಟು ತೆಗೆದು ವ್ಯಾನಿನ ಒಳಗೇ ಇಟ್ಟರೆ? ಪೆಟ್ರೋಲ್ ಇರುವ ಗಾಡಿಯನ್ನು ಮಗು ಕೂರುವ ಜಾಗದಲ್ಲಿ ಇಡೋಕೆ ನನಗೆ ಮನಸ್ಸಿಲ್ಲ. ಟ್ರೇಲರಿನ ಒಳಗೆ ಅಂದರೆ, ರಾತ್ರಿ ಮಲಗೋದು ಅಲ್ಲೇ, ಗ್ಯಾಸ್ ಹಚ್ಚೋದೂ ಅಲ್ಲೇ. ಸಣ್ಣ ಟ್ರೇಲರ್, ಸಣ್ಣ ಕಾರು, ಜೊತೆಗೆ ಸ್ಕೂಟರ್: ಈ ಮೂರೂ ಹೊಂದುವ ದಾರಿ ನನಗಂತೂ ಕಾಣಲಿಲ್ಲ. ಇಂಟರ್ನೆಟ್ಟಿನ ಫೋಟೋಗಳಲ್ಲಿ ಹಿಂದೆ ಮೊಪೆಡ್ ನೇತುಹಾಕಿಕೊಂಡ ಟ್ರೇಲರ್ ಬೇಕಾದಷ್ಟು ಕಾಣುತ್ತವೆ. ನಿಂತಿರುವ ಫೋಟೋ ಅವು.

ವ್ಯಾನು ಮಾರಿ ಹಳೇ ಟೊಯೋಟಾ ಟಕೋಮಾ ಪಿಕಪ್ ತಗೊಂಡೆ. ಹಿಂದೆ ಸಾಮಾನು ಹೇರುವ ತೊಟ್ಟಿ, ಅಂದರೆ ಬೆಡ್, ಆರಡಿ ಇರುವುದನ್ನೇ ಹುಡುಕಿದೆ. ಐದಡಿಯದ್ದರಲ್ಲಿ ಸ್ಕೂಟರ್ ನೇರ ನಿಲ್ಲಿಸಿದರೆ ಹಿಂದಿನ ಬಾಗಿಲು ಹಾಕಲು ಬರುವುದಿಲ್ಲ. ಪಿಕಪ್ ಅಂದ ಮಾತ್ರಕ್ಕೆ ಎಷ್ಟು ಬೇಕಾದರೂ ಹೇರಬಹುದು ಅಂತಲ್ಲ. ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ 1,100 ಪೌಂಡ್ ಅಂತಿದೆ, ಅಂದರೆ 500 ಕೆಜಿ. ಅಪ್ಪನೂ ಸೇರಿ ನಾಲ್ಕು ಜನ 265, ಮೂಕಿ ಭಾರ 86, ಸ್ಕೂಟರ್ 81, ಎರಡು ಸೈಕಲ್ 32, ಚಿಲ್ಲರೆ ಸಾಮಾನು 30. ಕೂಡಿದರೆ 494. ಉಳಿದ ಆರು ಕೆಜಿಯಲ್ಲಿ ಅಪ್ಪ ತಂದ ಮಾವಿನಕಾಯಿ ಉಪ್ಪಿನಕಾಯಿಗೆ ಜಾಗ ಆಯಿತು.

ಇನ್ನು ಕಟ್ಟೋದು. ಇದು ಕೈಗೆ ಬರಲು ನನಗೆ ಒಂದು ಇಡೀ ಭಾನುವಾರ ಬೇಕಾಯಿತು. ಅಲ್ಯೂಮಿನಿಯಂ ಹಲಗೆಯನ್ನು ಹಿಂದಿನ ಬಾಗಿಲಿಗೆ ಒರಗಿಸಿ, ಮೊದಲು ಆ ಹಲಗೆಯನ್ನೇ ಪಟ್ಟಿಯಿಂದ ಪಿಕಪ್‌ಗೆ ಕಟ್ಟಬೇಕು. ಇಲ್ಲದಿದ್ದರೆ ಚಕ್ರ ಹತ್ತುವ ಹೊತ್ತಿಗೆ ಅದು ಜಾರಿಬಿಡುತ್ತದೆ. ಸ್ಕೂಟರಿನ ಪಕ್ಕದಲ್ಲಿ ನಡೆಯುತ್ತಾ ತಳ್ಳಬೇಕು, ಮೇಲೆ ಕೂತು ಹತ್ತಿಸುವ ಶೌರ್ಯ ಬೇಡ. ಮುಂದಿನ ಚಕ್ರವನ್ನು ಬೆಡ್ಡಿನ ಗೋಡೆಗೆ ಒತ್ತಿ, ಎರಡೂ ಪಕ್ಕ ಮರದ ತುಂಡು ಮೊಳೆ ಹೊಡೆದ ಹಲಗೆಯೊಳಗೆ ಕೂರಿಸುತ್ತೇನೆ. ಸ್ಟ್ಯಾಂಡ್ ಹಾಕುವುದಿಲ್ಲ. ಸ್ಟ್ಯಾಂಡ್ ಮೇಲಿದ್ದರೆ ಗುಂಡಿ ಬಂದಾಗ ಎಲ್ಲ ಭಾರ ಅದರ ಪಿನ್ನಿನ ಮೇಲೆ ಬೀಳುತ್ತದೆ.

ಸ್ಕೂಟರಿಗೆ ಮೈಯೆಲ್ಲ ಪ್ಲಾಸ್ಟಿಕ್. ಹಗ್ಗ ಹಾಕಲು ಜಾಗವೇ ಇಲ್ಲ. ಹ್ಯಾಂಡಲ್ ಎರಡೂ ಕಡೆ ಬಟ್ಟೆಯ ಕುಣಿಕೆ ಹಾಕಿ, ಅದಕ್ಕೆ ರ್‍ಯಾಚೆಟ್ ಪಟ್ಟಿ ಸಿಕ್ಕಿಸಿ, ಎಡ ಒಂದು ಕ್ಲಿಕ್, ಬಲ ಒಂದು ಕ್ಲಿಕ್ ಅಂತ ಬಿಗಿಯುತ್ತಾ ಹೋಗುತ್ತೇನೆ. ಮುಂದಿನ ಶಾಕ್ ಅರ್ಧ ಕುಗ್ಗಿದಾಗ ನಿಲ್ಲಿಸಬೇಕು. ಪೂರ್ತಿ ಕುಗ್ಗಿಸಿದರೆ ಸೀಲ್ ಹೋಗುತ್ತದೆ. ಕುಗ್ಗಿಸದೇ ಬಿಟ್ಟರೆ ಮೊದಲ ಗುಂಡಿಯಲ್ಲೇ ಪಟ್ಟಿ ಸಡಿಲವಾಗಿ ಕೊಕ್ಕೆ ಕಳಚುತ್ತದೆ. ಹಿಂದೆ ಸೀಟಿನ ಕೆಳಗಿನ ಕಬ್ಬಿಣಕ್ಕೆ ಇನ್ನೆರಡು ಪಟ್ಟಿ. ಪಟ್ಟಿಯನ್ನು ಒಂದು ಸುತ್ತು ತಿರುಚಿ ಹಾಕಿದರೆ ಗಾಳಿಗೆ ಗುಂಯ್ ಅನ್ನುವುದಿಲ್ಲ. ಅಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. "ನಾವು ಬಸ್ ಟಾಪಿನ ಮೇಲೆ ಸೈಕಲ್ ಹಾಕುವಾಗ ಇಷ್ಟೆಲ್ಲ ಎಲ್ಲಿತ್ತು, ಒಂದು ತೆಂಗಿನ ಹುರಿ ಸಾಕಿತ್ತು" ಅಂದರು. ಆದರೂ ಹೊರಡುವ ಮೊದಲು ನಾಲ್ಕೂ ಪಟ್ಟಿ ಎಳೆದು ನೋಡಿದವರು ಅವರೇ. ಮನೆ ಬಿಟ್ಟ ಹದಿನೈದು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ನೋಡುವ ಅಭ್ಯಾಸ ಮಾಡಿಕೊಂಡಿದ್ದೇವೆ. ಮೊದಲ ಸಲ ಯಾವಾಗಲೂ ಎರಡು ಕ್ಲಿಕ್ ಸಡಿಲ ಇರುತ್ತದೆ.

ಕಳೆದ ಜುಲೈನಲ್ಲಿ ಸ್ಲೀಪಿಂಗ್ ಬೇರ್ ಮರಳುಗುಡ್ಡಗಳ ಹತ್ತಿರ ಡಿ. ಎಚ್. ಡೇ ಕ್ಯಾಂಪಿನಲ್ಲಿದ್ದೆವು. ಪಕ್ಕದಲ್ಲೇ ಹಾದುಹೋಗುವ ಹೆರಿಟೇಜ್ ಟ್ರೇಲ್‌ನಲ್ಲಿ ಮೋಟಾರು ಗಾಡಿ ಬಿಡುವುದಿಲ್ಲ, ಅಲ್ಲಿ ನಾನೂ ಮಗಳೂ ಸೈಕಲ್ಲು. ಹಾಲು, ಬ್ರೆಡ್ಡಿಗೆ ಗ್ಲೆನ್ ಆರ್ಬರ್‌ಗೆ ಹೋಗುವುದು ಸ್ಕೂಟರಿನ ಕೆಲಸ. ಬೇಸಿಗೆಯಲ್ಲಿ ಆ ಊರಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕಿದವರಿಗೆ ಇದರ ಬೆಲೆ ಗೊತ್ತು. ಹೆಲ್ಮೆಟ್ ಹಾಕಿಕೊಂಡು ಹೊರಟ ಹೆಂಡತಿ, ವಾಪಸ್ ಬರುವಾಗ ಮೊಸರಿನ ಡಬ್ಬಿಯನ್ನು ಕಾಲಿನ ನಡುವೆ ಇಟ್ಟುಕೊಂಡು, ಪಂಪ್ ಮಾಡಿದ ಟೈರಿನಂತೆ ಉಬ್ಬಿ ಬಂದಿದ್ದಳು.

ಮುಂದಿನ ರ್‍ಯಾಕ್ ಈಗಲೂ ಇಡ್ಲಿ ಡಬ್ಬಿಯ ಮೂತಿಯ ಮೇಲಿದೆ. ಅದರ ಹದಿನೈದು ಕೆಜಿ ಸೇರಿಸಿಯೇ ಈಗ ಮೂಕಿ ಭಾರ ತೂಗುತ್ತೇನೆ, ಅದಕ್ಕೆ ಸರಿಯಾಗಿ ನೀರಿನ ಕ್ಯಾನು ಮನೆಯಿಂದ ತರುವುದನ್ನು ಬಿಟ್ಟಿದ್ದೇವೆ. ಮಗಳು ಕೆರೆಯಿಂದ ಬಂದು ಅದರ ಮೇಲೆ ಒದ್ದೆ ಟವೆಲ್ ಒಣಹಾಕುತ್ತಾಳೆ.