ಮಣ್ಣಿಲ್ಲದೆ ಗಿಡ ಬೆಳೆಸೋದು: ಪಂಪ್ ಬೇಡ, ಕರೆಂಟ್ ಬೇಡ, ಒಂದು ಡಬ್ಬದಿಂದ ಶುರು ಮಾಡಿ

ಹೈಡ್ರೋಪೋನಿಕ್ಸ್ ಅಂದ ತಕ್ಷಣ ಉದ್ದುದ್ದ ಬಿಳಿ ಪೈಪು, ಪಂಪು, ನೇರಳೆ ಲೈಟು ಇವೇ ಕಣ್ಮುಂದೆ ಬರತ್ತೆ, ಬಹಳ ಜನ ಅಲ್ಲಿಗೇ ಹೆದರಿ ಬಿಟ್ಬಿಡ್ತಾರೆ, ಇಲ್ಲಾ ಒಂದೇ ಸಲ ಐವತ್ತು ಗಿಡದ ಸೆಟ್ ತಂದು ಮೂರು ತಿಂಗಳಿಗೆ ಮೂಲೆಗೆ ಸೇರಿಸ್ತಾರೆ. ನನ್ನ ಮಾತು ಕೇಳೋದಾದ್ರೆ ಮೊದಲು ಒಂದು ಡಬ್ಬ, ಅದ್ರಲ್ಲಿ ಒಂದು ಲೆಟಿಸ್ ಗಿಡ, ಅಷ್ಟೇ. ಇದಕ್ಕೆ ಕ್ರಾಟ್ಕಿ ವಿಧಾನ ಅಂತಾರೆ, ಹವಾಯಿ ಯೂನಿವರ್ಸಿಟಿಯಲ್ಲಿದ್ದ ಬರ್ನಾರ್ಡ್ ಕ್ರಾಟ್ಕಿ ಅನ್ನೋ ತೋಟಗಾರಿಕೆ ವಿಜ್ಞಾನಿ ರೂಪಿಸಿದ್ದು.

ಮಾಡೋಕೆ ಮುಂಚೆ ಒಂದು ವಿಷಯ ತಲೆಯಲ್ಲಿ ಕೂರಬೇಕು. ಮಣ್ಣು ಗಿಡಕ್ಕೆ ಕೊಡೋದು ನಾಲ್ಕು: ನಿಲ್ಲೋಕೆ ಆಸರೆ, ನೀರು, ಲವಣ, ಗಾಳಿ. ಮೊದಲ ಮೂರನ್ನ ನಾವು ಸುಲಭವಾಗಿ ಕೊಡಬಹುದು, ಕಷ್ಟ ಇರೋದು ಗಾಳಿಯಲ್ಲಿ. ಬೇರೂ ಉಸಿರಾಡತ್ತೆ, ಅದಕ್ಕೂ ಆಕ್ಸಿಜನ್ ಬೇಕು, ನೀರಲ್ಲಿ ಕರಗಿರೋ ಆಕ್ಸಿಜನ್ ಬಹಳ ಕಮ್ಮಿ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಹೆಚ್ಚೂಕಮ್ಮಿ 9 ಮಿಲಿಗ್ರಾಂ, 30 ಡಿಗ್ರಿ ಆದ್ರೆ ಏಳೂವರೆ. ಅಂದ್ರೆ ನೀರು ಬಿಸಿಯಾದಷ್ಟೂ ಗಾಳಿ ಕಮ್ಮಿ. ಕ್ರಾಟ್ಕಿ ವಿಧಾನದಲ್ಲಿ ಇದಕ್ಕಿರೋ ಪರಿಹಾರ ತುಂಬಾ ಸರಳ: ಗಿಡ ನೀರು ಕುಡೀತಾ ಹೋದಂಗೆ ಮಟ್ಟ ಇಳಿಯತ್ತೆ, ಮೇಲೆ ಖಾಲಿ ಜಾಗ ಆಗತ್ತೆ, ಆ ಜಾಗದಲ್ಲಿ ನೇತಾಡೋ ಬೇರು ತೇವದ ಗಾಳಿಯಿಂದ ಆಕ್ಸಿಜನ್ ತಗೊಳ್ಳತ್ತೆ, ಕೆಳಗಿರೋ ಬೇರು ನೀರು ಗೊಬ್ಬರ ಎಳ್ಕೊಳ್ಳತ್ತೆ.

ನಾನು ಇದನ್ನ ಓದಿದ್ದೆ, ಆದ್ರೂ ಮೊದಲ ಸಲ ಡಬ್ಬ ಅರ್ಧ ಖಾಲಿಯಾಗಿದ್ದು ನೋಡಿ ಅಯ್ಯೋ ಪಾಪ ಅಂತ ಅಂಚಿನವರೆಗೂ ತುಂಬಿಸ್ಬಿಟ್ಟೆ. ಎರಡೇ ದಿನಕ್ಕೆ ಅಷ್ಟು ಚೆನ್ನಾಗಿದ್ದ ಗಿಡ ಬಾಡಿ ಬಗ್ಗಿಹೋಯ್ತು, ಸುತ್ತ ನೀರಿದ್ರೂ. ಗಾಳಿಗೆ ಒಗ್ಗಿದ್ದ ಬೇರನ್ನ ನಾನೇ ಮುಳುಗಿಸಿದ್ದೆ. ತುಂಬಾ ಬೇಜಾರಾಗಿತ್ತು, ಅದಕ್ಕೇ ಇದನ್ನ ಇಷ್ಟು ಒತ್ತಿ ಹೇಳ್ತಿರೋದು.

ಡಬ್ಬ ನಾಲ್ಕು ಲೀಟರಿಂದಾದ್ರೆ ಒಂದು ಲೆಟಿಸ್‌ಗೆ ಸಾಕು. ಆಹಾರ ಇಡೋಕೆ ಯೋಗ್ಯವಾದ ಪ್ಲಾಸ್ಟಿಕ್ ಇರಲಿ, ಬೆಳಕು ಒಳಗೆ ಹೋಗಬಾರದು. ಪಾರದರ್ಶಕ ಡಬ್ಬ ಆದ್ರೆ ಕಪ್ಪು ಬಣ್ಣ ಹಚ್ಚಿ ಅದರ ಮೇಲೆ ಬಿಳಿ ಹಚ್ಚಿ, ಕಪ್ಪು ಬೆಳಕು ತಡೆಯತ್ತೆ, ಬಿಳಿ ಬಿಸಿ ತಡೆಯತ್ತೆ. ಬೆಳಕು ಬಿದ್ರೆ ಒಂದು ವಾರದಲ್ಲಿ ಪಾಚಿ ಬರತ್ತೆ. ಮುಚ್ಚಳದಲ್ಲಿ ನೆಟ್ ಪಾಟ್ (ಜಾಲರಿ ಥರ ತೂತಿರೋ ಪುಟ್ಟ ಕುಂಡ) ಕೂರೋಷ್ಟು ತೂತು ಕೊರೀರಿ, ನೆಟ್ ಪಾಟ್ ಸಿಗ್ಲಿಲ್ಲ ಅಂದ್ರೆ ಸಣ್ಣ ಪ್ಲಾಸ್ಟಿಕ್ ಕಪ್‌ಗೆ ಸುತ್ತಲೂ ತೂತು ಮಾಡಿದ್ರೂ ನಡೆಯತ್ತೆ.

ಸಸಿ ಬೇರೆ ಕಡೆ ಮಾಡ್ಕೊಬೇಕು. ಸ್ಪಂಜಿನ ತುಂಡು ಅಥವಾ ಚೆನ್ನಾಗಿ ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ, ತೊಳೀದೆ ಹಾಕಬೇಡಿ, ಅದ್ರಲ್ಲಿ ಉಪ್ಪಿನಂಶ ಇರತ್ತೆ), ಅದ್ರ ಮೇಲೆ ಎರಡು ಬೀಜ ಇಡಿ, ಆಳಕ್ಕೆ ಹೂಳ್ಬೇಡಿ, ಲೆಟಿಸ್ ಬೀಜಕ್ಕೆ ಬೆಳಕು ಬೇಕು. ತಂಪೂ ಬೇಕು, 30 ಡಿಗ್ರಿ ಹತ್ರ ಹೋದ್ರೆ ಎಷ್ಟೋ ತಳಿಯ ಬೀಜ ಮೊಳಕೆನೇ ಒಡೆಯಲ್ಲ, ಬೀಜ ಕೆಟ್ಟಿದೆ ಅಂತ ಎಸೀಬೇಡಿ. ಮೊಳಕೆ ಬಂದ ತಕ್ಷಣ ಒಳ್ಳೇ ಬೆಳಕಿಗೆ ಇಡಿ, ತಡ ಮಾಡಿದ್ರೆ ಕಡ್ಡಿ ಥರ ಉದ್ದ ಆಗಿ ಬಿದ್ದೋಗತ್ತೆ. ಎರಡು ಮೂರು ವಾರಕ್ಕೆ ಮೂರ್ನಾಲ್ಕು ಎಲೆ ಬಂದು ಬೇರು ಕೆಳಗೆ ಇಣುಕ್ತಿದ್ರೆ ಡಬ್ಬಕ್ಕೆ ಬದಲಾಯಿಸಬಹುದು.

ಈಗ ಗೊಬ್ಬರದ ನೀರು, ಜಾಸ್ತಿ ಜನ ಎಡವೋದು ಇಲ್ಲೇ. ಮಣ್ಣಿಗೆ ಹಾಕೋ ಗೊಬ್ಬರ ನೀರಿಗೆ ಕರಗಿಸಿದ್ರೆ ಸಾಲಲ್ಲ. ಅದ್ರಲ್ಲಿ ಎಷ್ಟೋ ಸಲ ಸಾರಜನಕ ಯೂರಿಯಾ ರೂಪದಲ್ಲಿರತ್ತೆ, ಮಣ್ಣಲ್ಲಾದ್ರೆ ಬ್ಯಾಕ್ಟೀರಿಯಾ ಅದನ್ನ ನೈಟ್ರೇಟ್ ಮಾಡಿಕೊಡತ್ತೆ, ನಮ್ಮ ಡಬ್ಬದಲ್ಲಿ ಆ ಕೆಲಸ ಮಾಡೋರು ಯಾರೂ ಇಲ್ಲ. ಜೊತೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ, ಬೋರಾನ್ ಇವೂ ಇರಲ್ಲ ಅಥವಾ ಸಾಲಲ್ಲ. ಹಂಗಾಗಿ ಹೈಡ್ರೋಪೋನಿಕ್ಸ್‌ಗೆ ಅಂತಲೇ ಮಾಡಿರೋ ಪುಡಿ ಅಥವಾ ಎ-ಬಿ ದ್ರಾವಣ ತಗೊಳ್ಳಿ. 4-18-38 ಅನ್ನೋ ಮಿಶ್ರಣ (ಸಾರಜನಕ, ರಂಜಕ, ಪೊಟ್ಯಾಷ್ ಶೇಕಡಾ ಎಷ್ಟಿದೆ ಅನ್ನೋ ಅಂಕಿ ಅದು) ಸಿಕ್ರೆ ಎಲ್ಲರೂ ಬಳಸೋ ಲೆಕ್ಕ ಇದು: 10 ಲೀಟರ್ ನೀರಿಗೆ ಆ ಮಿಶ್ರಣ 6 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 3 ಗ್ರಾಂ, ಕ್ಯಾಲ್ಸಿಯಂ ನೈಟ್ರೇಟ್ 6 ಗ್ರಾಂ. ಎಳೇ ಸಸಿಗೆ ಇದರ ಅರ್ಧ ಸಾಕು. ಲೆಟಿಸ್ ಜಾಸ್ತಿ ತಿನ್ನೋ ಗಿಡ ಅಲ್ಲ, ದೊಡ್ಡದಾದ್ಮೇಲೂ ಸ್ವಲ್ಪ ತೆಳ್ಳಗೇ ಇರಲಿ.

ಬೆರೆಸೋ ಕ್ರಮ ಮುಖ್ಯ. ಒಂದು ಕರಗಿದ ಮೇಲೆ ಇನ್ನೊಂದು, ಕ್ಯಾಲ್ಸಿಯಂ ನೈಟ್ರೇಟ್ ಯಾವಾಗ್ಲೂ ಕೊನೆಗೆ, ಪೂರ್ತಿ ನೀರಿಗೆ. ಗಟ್ಟಿ ದ್ರಾವಣದಲ್ಲಿ ಅದನ್ನ ಮೆಗ್ನೀಸಿಯಂ ಸಲ್ಫೇಟ್ ಜೊತೆ ಸೇರಿಸಿದ್ರೆ ಕ್ಯಾಲ್ಸಿಯಂ ಹೋಗಿ ಸಲ್ಫೇಟ್ ಜೊತೆ ಸೇರಿ ಜಿಪ್ಸಮ್ ಆಗಿ ತಳಕ್ಕೆ ಬಿಳಿ ಪುಡಿ ಕೂರತ್ತೆ, ಆಮೇಲೆ ಅದು ಗಿಡಕ್ಕೆ ಸಿಗಲ್ಲ. ಎ ಮತ್ತು ಬಿ ಅಂತ ಎರಡು ಬಾಟಲಿ ಮಾಡಿರೋದೇ ಇದಕ್ಕೆ. ಬರೀ ನೀರಲ್ಲಿ ಲವಣ ಕರಗಿಸಿ ಗಿಡ ಬೆಳೆಸಬಹುದು ಅಂತ ಜರ್ಮನಿಯ ವಿಜ್ಞಾನಿಗಳಾದ ಸಾಕ್ಸ್ ಮತ್ತು ನಾಪ್ 1860ರ ಆಸುಪಾಸಲ್ಲೇ ತೋರಿಸಿದ್ರು, ಹೈಡ್ರೋಪೋನಿಕ್ಸ್ ಅನ್ನೋ ಹೆಸರು ಬಳಕೆಗೆ ತಂದಿದ್ದು 1937ರಲ್ಲಿ ಕ್ಯಾಲಿಫೋರ್ನಿಯಾದ ಗೆರಿಕೆ ಅನ್ನೋ ವಿಜ್ಞಾನಿ. ಅಂದ್ರೆ ನಾವು ಇವತ್ತು ಅಳೆದು ಹಾಕೋ ಈ ಪುಡಿಗಳ ಹಿಂದೆ ನೂರೈವತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಇದೆ, ಅದು ನೆನೆಸ್ಕೊಂಡಾಗೆಲ್ಲ ನಂಗೆ ಖುಷಿ ಆಗತ್ತೆ.

ಪಿಎಚ್, ಅಂದ್ರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನೋ ಅಳತೆ, 5.5 ರಿಂದ 6.5 ಒಳಗಿರಲಿ. ಗೊಬ್ಬರ ಬೆರೆಸಿದ ಮೇಲೆ ಅಳೀರಿ, ಮುಂಚೆ ಅಳೆದು ಪ್ರಯೋಜನ ಇಲ್ಲ. ಜಾಸ್ತಿ ಇದ್ರೆ ಪಿಎಚ್ ಡೌನ್ (ಪಿಎಚ್ ಇಳಿಸೋ ಆಮ್ಲದ ದ್ರಾವಣ) ಹನಿ ಹನಿಯಾಗಿ ಹಾಕಿ, ಕಲಕಿ, ಮತ್ತೆ ನೋಡಿ. ಗಡಸು ನೀರಾದ್ರೆ ಪಿಎಚ್ ಪದೇ ಪದೇ ಮೇಲೇರತ್ತೆ. ಉಪ್ಪು ಹಾಕಿ ನಡೆಸೋ ಸಾಫ್ಟ್ನರ್ ನೀರು ಮಾತ್ರ ಬೇಡವೇ ಬೇಡ, ಸೋಡಿಯಂ ಜಾಸ್ತಿ. ಗೊಬ್ಬರದ ಸಾಂದ್ರತೆಗೆ ಇಸಿ ಮೀಟರ್ (ನೀರಲ್ಲಿ ಕರೆಂಟ್ ಎಷ್ಟು ಸುಲಭವಾಗಿ ಹರಿಯತ್ತೆ ಅಂತ ಅಳೆಯತ್ತೆ, ಲವಣ ಜಾಸ್ತಿ ಇದ್ದಷ್ಟೂ ಅಂಕಿ ಜಾಸ್ತಿ), ಲೆಟಿಸ್‌ಗೆ 0.8 ರಿಂದ 1.2 mS/cm. ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಲವಣ) ತೋರಿಸೋ ಮೀಟರ್ ಇದ್ರೆ ಹುಷಾರು, ಇಸಿ 1ನ್ನ ಕೆಲವು ಮೀಟರ್ 500 ಅಂತ ತೋರಿಸತ್ತೆ ಕೆಲವು 700 ಅಂತ, ನಿಮ್ಮದು ಯಾವುದು ಅಂತ ತಿಳ್ಕೊಂಡು ಬೇರೆಯವರ ಲೆಕ್ಕಕ್ಕೆ ಹೋಲಿಸಿ.

ಡಬ್ಬಕ್ಕೆ ನೀರು ತುಂಬಿಸೋವಾಗ ನೆಟ್ ಪಾಟ್‌ನ ತಳ ಒಂದು ಸೆಂಟಿಮೀಟರ್ ಮುಳುಗಿದ್ರೆ ಸಾಕು. ಆಮೇಲೆ ಸುಮ್ಮನಿರೋದೇ ಕೆಲಸ. ಬಿಸಿಲು ದಿನಕ್ಕೆ ಐದಾರು ಗಂಟೆ, ಒಳಗಡೆ ಎಲ್‌ಇಡಿ ಆದ್ರೆ 14 ರಿಂದ 16 ಗಂಟೆ. ಬಿಸಿಲಲ್ಲಿ ಗಿಡಕ್ಕಿಂತ ಡಬ್ಬದ ಬಗ್ಗೆ ಯೋಚನೆ ಮಾಡಿ, ಡಬ್ಬ ನೆರಳಲ್ಲಿದ್ದು ಎಲೆ ಬೆಳಕಲ್ಲಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಕೊಯ್ಲಿಗೆ ಮುಂಚೆನೇ ನೀರು ತಳ ಮುಟ್ತಾ ಬಂದ್ರೆ ಮೂರನೇ ಒಂದು ಭಾಗದಷ್ಟು ಮಾತ್ರ ಸೇರಿಸಿ, ಅದೂ ಅರ್ಧ ಸಾಂದ್ರತೆಯ ನೀರು. ಮೇಲಿನ ಬೇರು ಮುಳುಗಬಾರದು.

ವಾರಕ್ಕೊಮ್ಮೆ ಮುಚ್ಚಳ ಎತ್ತಿ ಬೇರು ನೋಡಿ. ಕೆನೆ ಬಣ್ಣ ಇದ್ರೆ ಆರೋಗ್ಯ. ಕಂದು ಬಂದ ತಕ್ಷಣ ಗಾಬರಿ ಬೇಡ, ಗೊಬ್ಬರದ ಬಣ್ಣ ಹತ್ತಿರಬಹುದು, ಮೆಲ್ಲಗೆ ಎಳೆದು ನೋಡಿ: ಲೋಳೆಲೋಳೆಯಾಗಿ ಸಿಪ್ಪೆ ಕಳಚಿ ಬಂದು ಕೊಳೆತ ವಾಸನೆ ಬಂದ್ರೆ ಪಿಥಿಯಂ ಥರದ ರೋಗಾಣುವಿಂದ ಬರೋ ಬೇರುಕೊಳೆ, ನೀರು ಬಿಸಿಯಾಗಿರತ್ತೆ ಅಥವಾ ಗಾಳಿ ಸಾಲ್ತಿಲ್ಲ. ಹಳೇ ಎಲೆ ಹಳದಿ ಆದ್ರೆ ಸಾಮಾನ್ಯವಾಗಿ ಸಾರಜನಕ ಕಮ್ಮಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಿದ್ರೆ ಕಬ್ಬಿಣ ಸಿಗ್ತಿಲ್ಲ, ಗೊಬ್ಬರ ಸುರಿಯೋಕೆ ಮುಂಚೆ ಪಿಎಚ್ ನೋಡಿ, ಬಹುತೇಕ ಅದು ಮೇಲೇರಿರತ್ತೆ. ಒಳಗಿನ ಎಳೇ ಎಲೆಯ ಅಂಚು ಸುಟ್ಟಂಗಾದ್ರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪ್ತಿಲ್ಲ, ನೀರಲ್ಲಿದ್ರೂ ಕೂಡ, ಒಂದು ಸಣ್ಣ ಫ್ಯಾನ್ ಗಾಳಿ ಆಡಿಸಿದ್ರೆ ಎಷ್ಟೋ ಸುಧಾರಿಸತ್ತೆ.

ಡಬ್ಬಕ್ಕೆ ಹಾಕಿದ ನಾಲ್ಕರಿಂದ ಆರು ವಾರಕ್ಕೆ ಕೊಯ್ಯಬಹುದು, ಹೊರಗಿನ ಎಲೆ ಮಾತ್ರ ಕೀಳ್ತಾ ಹೋದ್ರೆ ಇನ್ನೂ ಸ್ವಲ್ಪ ದಿನ ಸಿಗತ್ತೆ. ಬೇಸಿಲ್, ಪುದೀನ, ಪಾಲಕ್ ಇದೇ ಥರ ಮಾಡಬಹುದು, ಪಾಲಕ್‌ಗೆ ಮಾತ್ರ ತಂಪು ಬೇಕೇ ಬೇಕು. ಟೊಮೇಟೊಗೆ ಈ ಸಣ್ಣ ಡಬ್ಬ ಸಾಲಲ್ಲ, 20 ಲೀಟರ್ ಬಕೆಟ್, ಏರ್ ಪಂಪು, ಏರ್ ಸ್ಟೋನ್ (ನೀರಲ್ಲಿ ಸಣ್ಣ ಗಾಳಿಗುಳ್ಳೆ ಬಿಡೋ ಕಲ್ಲು), ಇಸಿ ಎರಡರ ಮೇಲೆ, ಬಳ್ಳಿ ಕಟ್ಟೋಕೆ ಗಟ್ಟಿ ಆಸರೆ. ಮೂರ್ನಾಲ್ಕು ಡಬ್ಬ ಲೆಟಿಸ್ ಕೊಯ್ದ ಮೇಲೆ ಅದಕ್ಕೆ ಕೈ ಹಾಕಿ. ಪ್ರತಿ ಕೊಯ್ಲಾದ ಮೇಲೂ ಉಳಿದ ನೀರನ್ನ ಕುಂಡದ ಗಿಡಗಳಿಗೆ ಹಾಕಿ, ಡಬ್ಬ ಮುಚ್ಚಳ ನೆಟ್ ಪಾಟ್ ಎಲ್ಲಾ ತೆಳುವಾದ ಬ್ಲೀಚ್ ನೀರಲ್ಲಿ ತೊಳೆದು, ಮತ್ತೆ ಬರೀ ನೀರಲ್ಲಿ ಚೆನ್ನಾಗಿ ಜಾಲಾಡಿಸಿ ಒಣಗಿಸಿದ ಮೇಲೆನೇ ಮುಂದಿನ ಸಸಿ ಇಡಿ.