ಅಂಗಡಿ ಲೆಕ್ಕ ಬರುವ ಮಗುವಿಗೆ ಶಾಲೆ ಲೆಕ್ಕ ಕಲಿಸೋದು ಹೇಗೆ?

ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಸರಿಯಾಗಿ ಕೊಡುವ ಮಕ್ಕಳೇ ಎಷ್ಟೋ ಸಲ ಗಣಿತದಲ್ಲಿ ಫೇಲ್ ಆಗುತ್ತಾರೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಪರೀಕ್ಷಿಸಿದ್ದರು. ಆ ಅಧ್ಯಯನ 2025ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಲೆಕ್ಕ ಬಾಯಲ್ಲೇ ಮಾಡುವ ಮಕ್ಕಳು ಶಾಲೆಯ ಭಾಗಾಕಾರಕ್ಕೆ ತಡವರಿಸಿದರು, ದುಡಿಯದೆ ಶಾಲೆಗೆ ಮಾತ್ರ ಹೋಗುವ ಮಕ್ಕಳು ಅಂಗಡಿ ಲೆಕ್ಕಕ್ಕೆ ತಡವರಿಸಿದರು. ಅಂದರೆ ಎರಡೂ ತಾನಾಗಿ ಸೇರುವುದಿಲ್ಲ, ಮೇಷ್ಟ್ರೇ ಸೇರಿಸಬೇಕು.

ಮೊದಲು ಬಾಯಲ್ಲಿ ಮಾಡಿಸಿ. ಟೊಮೆಟೊ ಕೆಜಿಗೆ 48 ರೂಪಾಯಿ, ಮುಕ್ಕಾಲು ಕೆಜಿಗೆ ಎಷ್ಟು? 'ಅರ್ಧಕ್ಕೆ 24, ಕಾಲಿಗೆ 12, ಒಟ್ಟು 36' ಅಂತ ಮಗು ಹೇಳುತ್ತೆ. ಉತ್ತರ ಸರಿ ಅಂತ ಮುಂದೆ ಹೋಗಬೇಡಿ, ಹೇಗೆ ಮಾಡಿದೆ ಅಂತ ಕೇಳಿ, ಅದು ಹೇಳಿದ್ದನ್ನು ಹೇಳಿದ ಹಾಗೇ ಬೋರ್ಡ್ ಮೇಲೆ ಬರೆಯಿರಿ: 1/2 × 48 + 1/4 × 48. ಪಕ್ಕದಲ್ಲಿ 3/4 × 48 ಬರೆದು ಪುಸ್ತಕದ ದಾರಿಯಲ್ಲಿ ಬಿಡಿಸಿ. ಎರಡೂ 36 ಯಾಕೆ ಬಂತು ಅಂತ ಮಕ್ಕಳೇ ಜಗಳ ಆಡಲಿ. ಭಿನ್ನರಾಶಿಯ ಅರ್ಧ ಪಾಠ ಅಲ್ಲೇ ಮುಗಿಯುತ್ತೆ.

ಆಮೇಲೆ 5/7 ಕೆಜಿಗೆ ಎಷ್ಟು ಅಂತ ಕೊಡಿ. ಏಳನೇ ಒಂದು ಭಾಗವನ್ನು ಯಾರೂ ತೂಗಿ ಮಾರುವುದಿಲ್ಲ ಅಲ್ವಾ? ಅಂಗಡಿ ದಾರಿ ಅಲ್ಲಿ ಸಾಕಾಗಲ್ಲ, ಪುಸ್ತಕದ ದಾರಿ ಯಾಕೆ ಬೇಕು ಅಂತ ಆಗ ಗೊತ್ತಾಗುತ್ತೆ.

ಉದಾಹರಣೆ ಊರಿಗೆ ತಕ್ಕಂತೆ ಬದಲಾಗಲಿ. ಹಳ್ಳಿಯಲ್ಲಾದರೆ ಗುಂಟೆ: 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ಅಂಥ 40 ಸೇರಿದರೆ ಎಕರೆ. ಬೆಂಗಳೂರಿನ ಮಕ್ಕಳಿಗೆ ಥರ್ಟಿ ಫಾರ್ಟಿ (30 × 40 ಅಡಿ) ಸೈಟು ಗೊತ್ತು. ಅದು ಗುಂಟೆಗಿಂತ ದೊಡ್ಡದೋ ಚಿಕ್ಕದೋ ಅಂತ ಕೇಳಿ ನೋಡಿ, ಮನೆಗೆ ಹೋಗಿ ಅಪ್ಪನನ್ನೂ ಕೇಳುತ್ತಾರೆ. (111 ಚದರಡಿ ದೊಡ್ಡದು.)

ಇಲ್ಲೊಂದು ಹುಷಾರು ಬೇಕು. 'ನಿಮ್ಮಪ್ಪ ಬಡಗಿ ಅಲ್ವಾ, ಅಳತೆ ನೀನೇ ಹೇಳು' ಅನ್ನಬೇಡಿ. ನಿಮಗದು ಪ್ರೀತಿಯ ಮಾತು, ನಮ್ಮೂರುಗಳಲ್ಲಿ ಕಸುಬಿನ ಹಿಂದೆ ಜಾತಿ ನಿಂತಿರುವುದರಿಂದ ಮಗುವಿಗೆ ಅದು ಬೇರೆಯದೇ ಕೇಳಿಸಬಹುದು. ಪ್ರಶ್ನೆ ಇಡೀ ಕ್ಲಾಸಿಗೆ ಹಾಕಿ, ಗೊತ್ತಿದ್ದವರು ತಾವಾಗೇ ಬಾಯಿಬಿಡಲಿ. ರಂಗೋಲಿ ಅಂದ ತಕ್ಷಣ ಹುಡುಗಿಯರನ್ನೇ ಎಬ್ಬಿಸೋದೂ ಇದೇ ಥರದ್ದು, ಚುಕ್ಕಿ ಎಣಿಸೋಕೆ ಹುಡುಗರಿಗೇನು ಕಷ್ಟ?

ಇಂಗ್ಲಿಷ್ ಮೀಡಿಯಂ ಕ್ಲಾಸಾದರೂ ಲೆಕ್ಕ ಹಾಕೋದು ಮನೆಮಾತಲ್ಲೇ ಇರಲಿ. ಕನ್ನಡ, ಉರ್ದು, ತುಳು, ಲಂಬಾಣಿ, ಯಾವುದಾದರೂ ಸರಿ, ಉತ್ತರವನ್ನಷ್ಟೇ ಇಂಗ್ಲಿಷಲ್ಲಿ ಹೇಳಿಸಿ. ಪೇರೆಂಟ್ಸ್ ಮೀಟಿಂಗಲ್ಲಿ 'ನಮ್ಮನೇಲಿ ಯಾರ ತಲೆಗೂ ಲೆಕ್ಕ ಹತ್ತಲ್ಲ' ಅಂತ ಅಮ್ಮ ಅಂದರೆ, ಚೀಟಿ ದುಡ್ಡಿನ ಲೆಕ್ಕ ಹೇಗೆ ಇಡ್ತೀರಿ ಅಂತ ಮಗುವಿನ ಎದುರಿಗೇ ಕೇಳಿ.