ಶಹಾಬಾದ್ ಫರಸಿಗೆ ಗೀರು ಬೀಳದಂತೆ ವಿನೈಲ್ ಶೀಟ್ ಕಿತ್ತದ್ದು: ನನ್ನ ಅನುಭವ

ಕಲಬುರಗಿಯ ಹಳೆ ಮನೆಗಳಲ್ಲಿ ವಿನೈಲ್ ಶೀಟ್ ಎತ್ತಿದರೆ ಕೆಳಗೆ ಸಾಮಾನ್ಯವಾಗಿ ಶಹಾಬಾದ್ ಫರಸಿ ಸಿಗುತ್ತದೆ. ನಮ್ಮಲ್ಲೂ ಅದೇ. ಇದು ಸುಣ್ಣದಕಲ್ಲು. ಆಸಿಡ್ ಬಿದ್ದರೆ ನೊರೆಯೆದ್ದು ಮೈ ಒರಟಾಗುತ್ತದೆ, ಉಕ್ಕಿನ ಅಲಗು ತಾಗಿದರೆ ಬಿಳಿ ಗೀರು ಉಳಿಯುತ್ತದೆ. ಉಳಿ ಹೊಡೆದರಂತೂ ಪದರೇ ಎದ್ದು ಬರಬಹುದು. ಹಾಗಾಗಿ ಉಳಿ, ಆಸಿಡ್, ಟಾಯ್ಲೆಟ್ ಕ್ಲೀನರ್ ಮೂರನ್ನೂ ದೂರ ಇಟ್ಟೆ.

ಶೀಟ್ ಕೀಳಲು ಬೇಸಿಗೆ ಮಧ್ಯಾಹ್ನವೇ ಸರಿ. 40 ಡಿಗ್ರಿ ದಾಟಿದ ಬಿಸಿಗೆ ಅಂಟು ತಾನೇ ಮೆತ್ತಗಾಗಿರುತ್ತದೆ. ಆರಿಂಚು ಅಗಲದ ಪಟ್ಟಿಗಳಾಗಿ ಕತ್ತರಿಸಬೇಕು, ಆದರೆ ಕಟರ್ ಆರಪಾರ ಹೋಗಬಾರದು. ಅರ್ಧ ದಪ್ಪ ಗೀರಿ, ಮೂಲೆ ಎತ್ತಿ ಹರಿಯಿರಿ. ಹರಿಯುವಾಗ ಮೇಲಕ್ಕೆ ಜಗ್ಗಬೇಡಿ. ಪಟ್ಟಿಯನ್ನು ಹಿಂದಕ್ಕೆ ಮಡಚಿ, ನೆಲಕ್ಕೆ ಒತ್ತಿದಂತೆಯೇ ಎಳೆಯಬೇಕು. ಮೇಲಕ್ಕೆ ಜಗ್ಗಿದರೆ ಸಂದಿನ ಸಡಿಲ ಗಾರೆಯೂ ಜೊತೆಗೆ ಕಿತ್ತು ಬರುತ್ತದೆ. ಬರದ ಕಡೆ ಹೇರ್ ಡ್ರೈಯರ್ ಸಾಕು. ಶೀಟ್ ಸುಟ್ಟ ವಾಸನೆ ಬಂದರೆ ಬಿಸಿ ಹೆಚ್ಚಾಯಿತು ಅಂತ ತಿಳಿಯಿರಿ, ಆ ಹೊಗೆ ಗಂಟಲಿಗೆ ಕೆಟ್ಟದ್ದು.

ನಿಜವಾದ ಕೆಲಸ ಆಮೇಲೆ. ಶೀಟಿನ ಅಡಿಯ ಕಾಗದದ ಪದರು ಕಲ್ಲಿಗೇ ಅಂಟಿ ಉಳಿಯುತ್ತದೆ. ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಹಾಕಿದ ಬಿಸಿನೀರಲ್ಲಿ ಬಟ್ಟೆ ಅದ್ದಿ, 20 ನಿಮಿಷ ಹಾಸಿಟ್ಟರೆ ಅದು ಮುದ್ದೆಯಾಗಿ ಬರುತ್ತದೆ. ಉಳಿಯುವುದು ಕಂದು ಬಣ್ಣದ ರಬ್ಬರ್ ಅಂಟು. ಇದಕ್ಕೆ ನೀರು ತಾಗುವುದೇ ಇಲ್ಲ, ಟರ್ಪಂಟೈನ್ ಬೇಕು. ಮೊದಲು ಕಪಾಟಿನ ಹಿಂದೆ ಒಂದು ಕಲ್ಲಿನ ಮೇಲೆ ಪರೀಕ್ಷಿಸಿ. ಕಲ್ಲಿನ ಮೇಲೆ ಸುರಿಯಬೇಡಿ, ಕರಗಿದ ಅಂಟು ರಂಧ್ರಕ್ಕೆ ಇಳಿದರೆ ಕಲೆ ಹೋಗುವುದು ಕಷ್ಟ. ಬಟ್ಟೆಗೆ ಹಾಕಿ, ಎರಡಡಿ ಚೌಕದಷ್ಟು ಜಾಗಕ್ಕೆ ಮಾತ್ರ ಹಾಸಿ, ಆರದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಕಾಲು ಗಂಟೆಯ ಮೇಲೆ ಅಂಟು ಬೆಲ್ಲದ ಪಾಕದ ಹಾಗೆ ಎಳೆಯಾಗುತ್ತದೆ. ಆಗ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಕೂಡಲೇ ಒಣಬಟ್ಟೆಯಿಂದ ಒರೆಸಿ. ಕಿಟಕಿ ತೆರೆದಿರಲಿ, ದೇವರ ದೀಪವೂ ಗ್ಯಾಸ್ ಒಲೆಯೂ ಆರಿರಲಿ. ಟರ್ಪಂಟೈನ್ ಹಾಕಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಡದೆ ಹೊರಗೆ ಹರವಿ ಒಣಗಿಸಿ.

ಕೊನೆಗೆ ಸೋಪುನೀರಲ್ಲಿ ತೊಳೆಯುವುದು. ಶೀಟಿನಡಿ ತೇವ ಸಿಕ್ಕಿಬಿದ್ದಿದ್ದರೆ ಒಣಗಿದಂತೆ ಉಪ್ಪಿನ ಬಿಳಿ ಪುಡಿ ಮೇಲೇಳುತ್ತದೆ. ಅದನ್ನು ಮತ್ತೆ ನೀರು ಹಾಕಿ ತೊಳೆದರೆ ಉಪ್ಪು ಕರಗಿ ಒಳಗೇ ಇಳಿಯುತ್ತದೆ. ಒಣ ಬ್ರಷ್‌ನಿಂದ ಝಾಡಿಸಿ. ಪುಡಿ ಏಳುವುದು ನಿಲ್ಲುವವರೆಗೆ ಪಾಲಿಶ್, ಸೀಲರ್ ಯಾವುದೂ ಬೇಡ.